ಹೆಕ್ಲಾದ ಗುಡುಗು, ಸುಳೇಭಾವಿಯ ಕಿವಿ

(ಕಾಕತಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)

ಕಾಕತಿಯ ಮಗ್ಗುಲಲ್ಲಿ ಹರಿಯುವ ಮಾರ್ಕಂಡೇಯ ನದಿಗೆ ಇಲ್ಲಿ ಹೇಳಿಕೊಳ್ಳುವಂಥ ಸದ್ದಿಲ್ಲ. ಖಾನಾಪುರ ಸೀಮೆಯಲ್ಲಿ ಹುಟ್ಟಿ, ಗದ್ದೆಗಳಿಗೆ ನೀರುಣಿಸಿ, ಹೆದ್ದಾರಿಯ ಕೆಳಗೆ ಮೆಲ್ಲಗೆ ನುಸುಳಿ ಹೋಗುತ್ತದೆ. ಲಾರಿಗಳ ಭರಾಟೆಯಲ್ಲಿ ಅದರ ದನಿ ಯಾರ ಕಿವಿಗೂ ಬೀಳುವುದಿಲ್ಲ. ಅದೇ ನದಿ ಗೊಡಚಿನಮಲ್ಕಿ ಮುಟ್ಟಿದಾಗ ಬೇರೆಯೇ ಆಗುತ್ತದೆ. ಎರಡು ಹಂತದಲ್ಲಿ ಬಂಡೆಯಿಂದ ಬಂಡೆಗೆ ಧುಮುಕಿ ಕಣಿವೆಯನ್ನೆಲ್ಲ ತುಂಬಿಕೊಳ್ಳುತ್ತದೆ. ಅಲ್ಲಿಂದ ಬಹಳ ದೂರವಿಲ್ಲದ ಗೋಕಾಕದಲ್ಲಿ ಘಟಪ್ರಭೆ ಕುದುರೆ ಲಾಳದಾಕಾರದ ಬಂಡೆಯಂಚಿನಿಂದ 52 ಮೀಟರ್ ಕೆಳಗೆ ಬೀಳುತ್ತಾಳೆ. ಶ್ರಾವಣದಲ್ಲಿ ಅದರೆದುರು ನಿಂತವರು ಪಕ್ಕದವರ ಜೊತೆ ಕೈಸನ್ನೆಯಲ್ಲೇ ಮಾತಾಡಬೇಕು.

ಐಸ್‌ಲ್ಯಾಂಡ್‌ನ ಈಶಾನ್ಯದಲ್ಲಿ ಡೆಟ್ಟಿಫಾಸ್ ಎಂಬ ಜಲಪಾತವಿದೆ. ಎತ್ತರ 44 ಮೀಟರ್, ಅಗಲ ಸುಮಾರು 100 ಮೀಟರ್. ಎತ್ತರದ ಲೆಕ್ಕದಲ್ಲಿ ನಮ್ಮ ಗೋಕಾಕವೇ 8 ಮೀಟರ್ ಹೆಚ್ಚು. ಹಿಮನದಿ ಕರಗಿ ಬಂದ ಕೆಸರು ಬಣ್ಣದ ನೀರು ಅಲ್ಲಿ ಬೀಳುತ್ತದೆ. 1964ರಲ್ಲಿ ಯೋನ್ ಲೇಫ್ಸ್ ಎಂಬ ಸಂಗೀತ ರಚನೆಕಾರ ಆ ಜಲಪಾತದ ಹೆಸರನ್ನೇ ಇಟ್ಟು ಒಂದು ಕೃತಿ ಬರೆದ. ಒಬ್ಬ ಗಾಯಕ, ಒಂದು ಗಾಯಕವೃಂದ, ತುಂಬಿದ ಆರ್ಕೆಸ್ಟ್ರಾ ಅದಕ್ಕೆ ಬೇಕು.

ಬೆಳಗಾವಿಯಲ್ಲಿ ಆರ್ಕೆಸ್ಟ್ರಾ ಎಂದರೆ ಗಣೇಶ ಹಬ್ಬದ ಮಂಟಪದ ಮುಂದೆ ಸಿನಿಮಾ ಹಾಡು ಹಾಡುವ ತಂಡದ ನೆನಪಾಗುವುದು ಸಹಜ. ಇಲ್ಲಿ ಹೇಳುತ್ತಿರುವುದು ಯುರೋಪಿನ ಸಿಂಫನಿ ಆರ್ಕೆಸ್ಟ್ರಾವನ್ನು. ಎಂಬತ್ತು ತೊಂಬತ್ತು ವಾದಕರು ತಂತಿ, ಕೊಳಲು, ಕಹಳೆ, ನಗಾರಿಗಳನ್ನು ಹಿಡಿದು, ಬರೆದಿಟ್ಟ ಸ್ವರಲಿಪಿ ನೋಡಿಕೊಂಡು, ಒಬ್ಬ ನಿರ್ದೇಶಕನ ಕೈಸನ್ನೆಗೆ ನುಡಿಸುವ ಮೇಳ ಅದು. ಒಬ್ಬ ಗಾಯಕ, ಒಂದು ತಬಲಾ, ಒಂದು ಹಾರ್ಮೋನಿಯಂ, ಹಿಂದೆ ಎರಡು ತಂಬೂರಿ ಇದ್ದರೆ ರಾತ್ರಿ ಬೆಳಗಾಗಿಸುವ ನಮ್ಮ ಸೀಮೆಗೆ ಅದು ದೂರದ ಜಗತ್ತು. ಆದರೂ ಎರಡು ಜಗತ್ತುಗಳೂ ಎದುರಿಸಿದ ಪ್ರಶ್ನೆ ಒಂದೇ. ಬೀಳುವ ನೀರು, ಗುಡುಗುವ ಗುಡ್ಡ, ಅಜ್ಜಿ ಹೇಳಿದ ಕತೆ ಇವೆಲ್ಲ ಸಂಗೀತದೊಳಗೆ ಬರುವುದು ಹೇಗೆ? ಸದ್ದನ್ನು ಅಣಕಿಸಿ ತರುವುದೇ, ಬೇರೆ ದಾರಿಯಿದೆಯೇ?

ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದಲ್ಲಿ ಪೂರಾ ಬದುಕನ್ನೇ ತೆತ್ತು ಉತ್ತರ ಹುಡುಕಿದವರಲ್ಲಿ ಇಬ್ಬರು ಈ ಉಪನ್ಯಾಸಕ್ಕೆ ಬೇಕಾದವರು. ಒಬ್ಬ ಈ ಲೇಫ್ಸ್. ಇನ್ನೊಬ್ಬರು ಸಾಂಬ್ರಾ ವಿಮಾನ ನಿಲ್ದಾಣದಾಚೆಯ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಜಗತ್ತು ಅವರನ್ನು ಕುಮಾರ ಗಂಧರ್ವ ಎಂದು ಕರೆಯಿತು.

ಮೊದಲು ಐಸ್‌ಲ್ಯಾಂಡ್‌ಗೆ ಹೋಗಿ ಬರೋಣ. ಆ ಇಡೀ ದೇಶದ ಜನಸಂಖ್ಯೆ ಬೆಳಗಾವಿ ನಗರವೊಂದರ ಜನಸಂಖ್ಯೆಗಿಂತ ಕಡಿಮೆ. ನೂರಿಪ್ಪತ್ತು ವರ್ಷದ ಹಿಂದೆ ಅಲ್ಲಿ ವಾದ್ಯಗಳೇ ಅಪರೂಪ. ಅಲ್ಲಿಯ ಜನರಿಗಿದ್ದ ಸಂಗೀತವೆಂದರೆ ಗಂಟಲು. ಚಳಿಗಾಲದಲ್ಲಿ ದಿನಕ್ಕೆ ನಾಲ್ಕೈದು ತಾಸು ಮಾತ್ರ ಬೆಳಕು. ಸಂಜೆ ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ ಕೂತು ಉಣ್ಣೆ ಹಿಂಜುತ್ತ, ನೂಲುತ್ತ, ಹೆಣೆಯುತ್ತ ಇರುವಾಗ ಒಬ್ಬ ಹಾಡುಗಾರ ರೀಮೂರ್ ಎಂಬ ಕಥನಕಾವ್ಯವನ್ನು ರಾಗವಾಗಿ ಹೇಳುತ್ತಿದ್ದ. ವೀರರ ಕತೆ, ಕಾಳಗದ ಕತೆ, ನೂರಾರು ಪದ್ಯ. ಧಾಟಿ ಚಿಕ್ಕದು, ಮೂರು ನಾಲ್ಕು ಸ್ವರದೊಳಗೇ ಓಡಾಡಿ, ಪದ್ಯದ ಕೊನೆಯಲ್ಲಿ ದನಿಯನ್ನು ಎಳೆದು ನಿಲ್ಲಿಸುವುದು.

ರಾಣಿ ಚೆನ್ನಮ್ಮ ಹುಟ್ಟಿದ ಕಾಕತಿಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಿತ್ತೂರಿನ ಕಾಳಗವೂ ಸಂಗೊಳ್ಳಿ ರಾಯಣ್ಣನ ಬಂಡಾಯವೂ ಈ ಸೀಮೆಯ ಮನೆಮನೆ ಮುಟ್ಟಿದ್ದು ಪಠ್ಯಪುಸ್ತಕದಿಂದಲ್ಲ, ಲಾವಣಿಯಿಂದ. ದಪ್ಪು, ತುಂತುಣಿ, ತಾಳ ಹಿಡಿದ ಗೀಗೀ ಮೇಳದವರು ರಾತ್ರಿಯಿಡೀ ಹಾಡುವಾಗ ಧಾಟಿ ಬದಲಾಗುವುದು ಕಡಿಮೆ. ಕತೆ ಮುಂದೆ ಹೋಗುತ್ತದೆ, ಧಾಟಿ ಅದಕ್ಕೆ ಎತ್ತಿನ ಗಾಡಿಯಂತೆ ದಾರಿ ಸವೆಸುತ್ತದೆ. ರೀಮೂರ್ ಕೂಡ ಹಾಗೆಯೇ.

ಅಲ್ಲಿಯ ಇನ್ನೊಂದು ಹಾಡಿನ ಬಗೆ ನಮ್ಮ ಕಿವಿಗೆ ಇನ್ನೂ ಹತ್ತಿರ. ತ್ವಿಸೋಂಗುರ್ ಎಂದರೆ ಜೋಡಿಹಾಡು. ಇಬ್ಬರು ಗಂಡಸರು ಒಂದೇ ಹಾಡನ್ನು ಹಿಡಿಯುತ್ತಾರೆ. ಒಬ್ಬ ಷಡ್ಜದಲ್ಲಿದ್ದರೆ ಇನ್ನೊಬ್ಬ ಪಂಚಮದಲ್ಲಿ. ಆ ಅಂತರವನ್ನು ಬಿಡದೆ ಇಬ್ಬರೂ ಜೊತೆಜೊತೆಗೆ ಏರಿ ಇಳಿಯುತ್ತಾರೆ. ನಡುವೆ ಒಂದು ಕಡೆ ಕೆಳಗಿದ್ದ ದನಿ ಮೇಲಿನದನ್ನು ದಾಟಿ ಹೋಗುತ್ತದೆ. ಯುರೋಪಿನ ಸಂಗೀತಶಾಲೆಗಳಲ್ಲಿ ಹೀಗೆ ಪಂಚಮಗಳನ್ನು ಸಾಲಾಗಿ ಇಡುವುದು ತಪ್ಪೆಂದು ಶತಮಾನಗಳ ಕಾಲ ಮಕ್ಕಳಿಗೆ ಕಲಿಸಿದರು. ಐಸ್‌ಲ್ಯಾಂಡ್‌ನ ರೈತರಿಗೆ ಅದನ್ನು ಹೇಳುವವರು ಯಾರೂ ಇರಲಿಲ್ಲ. ಅವರು ಹಾಡುತ್ತಲೇ ಹೋದರು. ತಂಬೂರಿಯ ಪ ಮತ್ತು ಸಾ ತಂತಿಗಳ ನಡುವೆ ಕೂತು ಬೆಳೆದ ಬೆಳಗಾವಿಯ ಕೇಳುಗನಿಗೆ ಆ ಅಂತರ ಪರಕೀಯವಲ್ಲ. ಇನ್ನೊಂದು ಸಂಗತಿ: ಅಲ್ಲಿಯ ಎಷ್ಟೋ ಹಳೆಯ ಹಾಡುಗಳಲ್ಲಿ ಬರುವುದು ತೀವ್ರ ಮಧ್ಯಮ. ಯಮನ್ ಕೇಳಿ ಬಲ್ಲವರು ಮೊದಲ ಸಲಕ್ಕೇ ಆ ಸ್ವರವನ್ನು ಗುರುತಿಸಿಬಿಡುತ್ತಾರೆ.

ಈ ಹಾಡುಗಳು ಉಳಿದದ್ದಕ್ಕೆ ಒಬ್ಬ ಪಾದ್ರಿಯ ಋಣವಿದೆ. ಬಿಯಾರ್ನಿ ಥೋರ್ಸ್ಟೈನ್ಸನ್ ಎಂಬ ಆ ಮನುಷ್ಯ ವರ್ಷಗಟ್ಟಲೆ ದುಡಿದು ಹಾಡುಗಳನ್ನು ಸ್ವರಲಿಪಿ ಸಮೇತ ಕೂಡಿಹಾಕಿದ. 1906ರಿಂದ 1909ರ ನಡುವೆ ಅವು ದೊಡ್ಡ ಗ್ರಂಥವಾಗಿ ಅಚ್ಚಾದವು. ಲೈಪ್‌ಜಿಗ್‌ಗೆ ಸಂಗೀತ ಕಲಿಯಲು ಹೋದ ಲೇಫ್ಸ್‌ನಿಗೆ ತನ್ನ ನಾಡಿಗೆ ತನ್ನದೇ ಎನ್ನುವಂಥ ಸಂಗೀತ ಉಂಟೇ ಎಂಬ ಚಿಂತೆ ಹತ್ತಿತು. ಉತ್ತರ ಸಿಕ್ಕಿದ್ದು ಈ ಹಾಡುಗಳಲ್ಲಿ. ಆದರೆ ಲಿಪಿಯನ್ನಷ್ಟೇ ನಂಬಿ ಅವನು ಕೂರಲಿಲ್ಲ. 1925ರಿಂದ 1928ರ ನಡುವೆ ಮತ್ತೆ ಮತ್ತೆ ಊರಿಗೆ ಬಂದು ಹಳ್ಳಿಗಳನ್ನು ಸುತ್ತಿದ. ಜೊತೆಗೆ ಎಡಿಸನ್ ಫೋನೋಗ್ರಾಫ್ ಯಂತ್ರ ಒಯ್ದ. ಮುದಿ ರೈತನೊಬ್ಬನನ್ನು ಆ ಕಹಳೆಯಂಥ ಬಾಯಿಯ ಮುಂದೆ ಕೂಡಿಸುವುದು, ಮೇಣದ ಉರುಳೆ ತಿರುಗುವ ಎರಡು ಮೂರು ನಿಮಿಷದಲ್ಲಿ ಹಾಡು ಮುಗಿಸಬೇಕೆಂದು ಒಪ್ಪಿಸುವುದು, ಸೂಜಿ ಮೇಣವನ್ನು ಕೊರೆಯುತ್ತಿರುವಾಗ ಯಾರೂ ಕೆಮ್ಮದಂತೆ ನೋಡಿಕೊಳ್ಳುವುದು: ಆ ಯಂತ್ರ ಹೊತ್ತು ಹಳ್ಳಿ ತಿರುಗಿದವರಿಗೆಲ್ಲ ಇದೇ ಕೆಲಸ. ಉರುಳೆಯನ್ನು ಕೇಳಿದಷ್ಟು ಸಲ ಗೆರೆ ಸವೆಯುತ್ತದೆ. ಹಾಡನ್ನು ಉಳಿಸಲು ಹೋದವನು ಅದನ್ನು ಕೇಳಲಿಕ್ಕೂ ಹಿಂದುಮುಂದು ನೋಡಬೇಕು. ಅವನ ಉರುಳೆಗಳು ಬರ್ಲಿನ್ನಿನ ಧ್ವನಿ ಸಂಗ್ರಹಾಲಯಕ್ಕೆ ಸೇರಿದವು. ಈ ನಡುವೆ, 1926ರಲ್ಲಿ, ಹ್ಯಾಂಬರ್ಗಿನ ಸಿಂಫನಿ ಆರ್ಕೆಸ್ಟ್ರಾವನ್ನು ಹಡಗಿನಲ್ಲಿ ಕರೆತಂದು ರೇಕ್ಯಾವಿಕ್‌ನಲ್ಲಿ ಕಚೇರಿ ಮಾಡಿಸಿದವನೂ ಇವನೇ. ಐಸ್‌ಲ್ಯಾಂಡ್‌ನ ಜನ ತಮ್ಮ ನೆಲದಲ್ಲಿ ಪೂರ್ಣ ಆರ್ಕೆಸ್ಟ್ರಾ ಕೇಳಿದ್ದು ಅದೇ ಮೊದಲು.

1947ರ ಮಾರ್ಚ್ 29ರಂದು ಹೆಕ್ಲಾ ಜ್ವಾಲಾಮುಖಿ ನೂರು ವರ್ಷದ ನಿದ್ದೆ ಮುಗಿಸಿ ಸಿಡಿಯಿತು. ಹದಿಮೂರು ತಿಂಗಳು ಉರಿಯಿತು. 1961ರಲ್ಲಿ ಲೇಫ್ಸ್ ಅದನ್ನು ಸಂಗೀತಕ್ಕೆ ತಂದ. ಹತ್ತು ಹನ್ನೆರಡು ನಿಮಿಷದ ಕೃತಿ. ಅದರ ವಾದ್ಯಗಳ ಪಟ್ಟಿ ನೋಡಿದರೆ ಕಮ್ಮಾರಸಾಲೆಯೋ ಬಂದರೋ ಎಂದು ಅನುಮಾನ ಬರುತ್ತದೆ: ಅಡಿಗಲ್ಲುಗಳು, ಬಡಿಯಲಿಕ್ಕೆ ಬಂಡೆ ಚೂರುಗಳು, ಹಡಗಿನ ಸರಪಳಿ, ಸೈರನ್, ಗಂಟೆಗಳು, ಕೋವಿ, ತೋಪು. ಇವುಗಳನ್ನು ನುಡಿಸಲೆಂದೇ ಇಪ್ಪತ್ತರ ಹತ್ತಿರ ತಾಳವಾದ್ಯಗಾರರು ಬೇಕು. ಶುರುವಾಗುವುದು ಮಾತ್ರ ಬಲು ಮೆಲ್ಲಗೆ.

ಹೆಕ್ಲಾ ಕೃತಿಯ ಬಗ್ಗೆ ಮಾತಾಡುವವರೆಲ್ಲ ಅದರ ಗದ್ದಲದ ಬಗ್ಗೆಯೇ ಮಾತಾಡುತ್ತಾರೆ. ಅದು ಅನ್ಯಾಯ. ಕಿವಿಗೊಟ್ಟು ಕೇಳಿದರೆ ಆ ಗದ್ದಲದ ಕೆಳಗೆ ಅದೇ ಪಂಚಮಗಳ ಸಾಲು, ಅದೇ ರೀಮೂರ್‌ನ ತೊಡರುವ ಲಯ, ಎಣಿಕೆಗೆ ಸಿಗದಂತೆ ಬದಲಾಗುವ ಮಾತ್ರೆಗಳು ಕೇಳುತ್ತವೆ. ಬಂಡೆಯ ಸದ್ದಿಗೆ ಬಂಡೆಯನ್ನೇ ತಂದದ್ದು ಮೇಲಿನ ಮಾತು. ಆ ಬೆಟ್ಟದ ಬುಡದಲ್ಲಿ ಬದುಕಿದವರು ಸಾವಿರ ವರ್ಷ ಹೇಗೆ ಹಾಡಿಕೊಂಡರೋ ಆ ನಡೆಯಲ್ಲಿ ಬೆಟ್ಟವನ್ನು ಕೇಳಿಸಿದ್ದು ಒಳಗಿನ ಮಾತು. ಗೇಸಿರ್ ಎಂಬ ಬಿಸಿನೀರ ಬುಗ್ಗೆಯ ಮೇಲಿನ ಅವನ ಇನ್ನೊಂದು ಕೃತಿ ಇದಕ್ಕಿಂತ ಸಂಯಮದ್ದು. ನೆಲದಾಳದಿಂದ ಬಂದಂತೆ ಮಂದ್ರದ ಕೊನೆಯಲ್ಲಿ ಹುಟ್ಟಿ, ಪದರು ಪದರಾಗಿ ಕುದಿದು, ಚಿಮ್ಮಿ, ಮತ್ತೆ ಮಂದ್ರಕ್ಕೇ ಇಳಿದು ಹೋಗುತ್ತದೆ.

ಲೇಫ್ಸ್‌ನ ಬದುಕು ಸುಖದ್ದಲ್ಲ. ಹೆಂಡತಿ ಯಹೂದಿ ಪಿಯಾನೋವಾದಕಿ. ಹಿಟ್ಲರನ ಜರ್ಮನಿಯಲ್ಲಿ ಇಬ್ಬರು ಹೆಣ್ಣುಮಕ್ಕಳೊಂದಿಗೆ ಜೀವ ಕೈಯಲ್ಲಿ ಹಿಡಿದು ಇದ್ದು, 1944ರಲ್ಲಿ ಸ್ವೀಡನ್ನಿಗೆ ಪಾರಾದರು. ಹೆಕ್ಲಾ ಸಿಡಿದ ಅದೇ 1947ರಲ್ಲಿ ಕಿರಿಯ ಮಗಳು ಲೀಫ್ ಈಜಲು ಹೋಗಿ ಸಮುದ್ರದಲ್ಲಿ ಮುಳುಗಿದಳು. ಅವಳ ನೆನಪಿಗೆ ಅವನು ಬರೆದ ಶೋಕಗೀತೆ ಕೆಲವೇ ನಿಮಿಷದ್ದು. ವಾದ್ಯವಿಲ್ಲ, ಬರೀ ಮನುಷ್ಯರ ದನಿ. ಬಂಡೆ, ತೋಪು ಕೇಳಿದ ಅದೇ ಕೈ ಇಷ್ಟು ಮೃದುವಾಗಿ ಬರೆಯಬಲ್ಲದೆಂದು ನಂಬುವುದು ಕಷ್ಟ. ಅವನ ದೊಡ್ಡ ಕೃತಿಗಳಲ್ಲಿ ಎಷ್ಟೋ ಅವನ ಕಿವಿಗೆ ಬೀಳಲೇ ಇಲ್ಲ. ಪುರಾಣಕತೆಗಳನ್ನು ಆಧರಿಸಿ 1930ರ ದಶಕದಲ್ಲಿ ಬರೆದ ಎಡ್ಡಾದ ಮೊದಲ ಭಾಗವನ್ನು ಪೂರ್ಣವಾಗಿ ನುಡಿಸಿದ್ದು 2006ರಲ್ಲಿ. ಅವನು ತೀರಿಕೊಂಡದ್ದು 1968ರಲ್ಲಿ.

ಜನಪದ ಕತೆಯ ಕಡೆಯಿಂದ ಇದೇ ಸಂಗೀತಕ್ಕೆ ಬಂದವರು ಯೋರುನ್ ವಿದಾರ್. ಬಂಡೆಯೊಳಗೆ ವಾಸಿಸುವ, ಮನುಷ್ಯರನ್ನೇ ಹೋಲುವ ಅಡಗುಜನರ ಕತೆಗಳು ಐಸ್‌ಲ್ಯಾಂಡ್‌ನಲ್ಲಿ ಊರೂರಿಗೂ ಇವೆ. ಅಂಥದೊಂದು ಲಾವಣಿಯಲ್ಲಿ ಓಲಾಫುರ್ ಲಿಲ್ಯುರೋಸ್ ಎಂಬ ಯುವಕ ಕುದುರೆಯೇರಿ ಬಂಡೆಗಳ ಪಕ್ಕ ಹೋಗುತ್ತಾನೆ. ಅಡಗುಜನರ ಹುಡುಗಿಯರು ಹೊರಬಂದು ನಮ್ಮೊಂದಿಗೆ ಇದ್ದುಬಿಡು ಎನ್ನುತ್ತಾರೆ. ಅವನು ಒಲ್ಲೆ ಎಂದಾಗ ಒಬ್ಬಳು ಮುತ್ತಿಡುವ ನೆಪದಲ್ಲಿ ಇರಿಯುತ್ತಾಳೆ. ವಿದಾರ್ ಅದನ್ನು 1952ರಲ್ಲಿ ನೃತ್ಯನಾಟಕದ ಸಂಗೀತವಾಗಿಸಿದರು. ಆ ಧಾಟಿ ಅಲ್ಲಿಯ ಮಕ್ಕಳಿಗೂ ಗೊತ್ತು. ನಮ್ಮಲ್ಲಿ ಕೆರೆಗೆ ಹಾರವಾದ ಭಾಗೀರಥಿಯ ಹಾಡು ಗೊತ್ತಿರುವಂತೆ.

ಇವತ್ತಿನ ತಲೆಮಾರಿನಲ್ಲಿ ಜಗತ್ತು ಕಿವಿಗೊಟ್ಟಿರುವುದು ಅನ್ನಾ ಥೋರ್ವಾಲ್ಡ್ಸ್‌ಡೋಟಿರ್ ಅವರಿಗೆ. 1977ರಲ್ಲಿ ಹುಟ್ಟಿದ ಇವರಿಗೆ 2012ರಲ್ಲಿ ನಾರ್ಡಿಕ್ ದೇಶಗಳ ಸಂಗೀತ ಪ್ರಶಸ್ತಿ ಬಂತು. 2018ರಲ್ಲಿ ಇವರ ಮೆಟಾಕಾಸ್ಮಾಸ್ ಕೃತಿಯನ್ನು ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಮೊದಲ ಬಾರಿಗೆ ನುಡಿಸಿತು. ಅವರಲ್ಲಿ ಜಲಪಾತದ ಸದ್ದಿಲ್ಲ, ಜ್ವಾಲಾಮುಖಿಯ ತೋಪಿಲ್ಲ. ಭೂಮಿ ಹೇಗೆ ತಿಳಿಯದಷ್ಟು ನಿಧಾನವಾಗಿ ಸರಿಯುತ್ತದೆ, ಹಿಮದ ಒಂದು ಚೂರಿನೊಳಗೆ ಎಷ್ಟು ಗೆರೆಗಳಿವೆ ಎಂಬಂಥ ಅಳತೆಗಳು ಅವರ ಸಂಗೀತದ ಹಂದರ. ತಮ್ಮ ಸ್ವರಲಿಪಿಯಲ್ಲಿ ವಾದಕರಿಗೆ ಅವರು ಬರೆಯುವ ಒಂದು ಸೂಚನೆಯನ್ನು ನೆನೆಯಬೇಕು. ಉದ್ದಕ್ಕೆ ಹಿಡಿಯಬೇಕಾದ ಸ್ವರ ಬಂದಾಗ, ಅದನ್ನು ನಾಜೂಕಾದ ಹೂವೆಂದು ತಿಳಿದು, ಬೀಳಿಸದಂತೆ ಕೈಯಲ್ಲಿ ಹಿಡಿದು ತೆಳ್ಳನೆಯ ಹಗ್ಗದ ಮೇಲೆ ನಡೆಯಬೇಕು ಎಂಬರ್ಥದ ಮಾತು ಅದು. ಕಿರಾಣಾ ಘರಾಣೆಯ ಸ್ವರ ಹಚ್ಚುವ ಪರಿ ಕೇಳಿ ಬೆಳೆದ ಧಾರವಾಡ, ಬೆಳಗಾವಿಯವರಿಗೆ ಆ ಹೂವಿನ ಭಾರ ಎಷ್ಟೆಂದು ಗೊತ್ತು.

ಈಗ ಸುಳೇಭಾವಿಗೆ.

ನೇಕಾರರ ಊರು. ತಂದೆ ಸಿದ್ಧರಾಮಯ್ಯನವರೂ ಹಾಡುಗಾರರು. ಹುಡುಗನಿಗೆ ಆರೇಳು ವರ್ಷ ತುಂಬುವಷ್ಟರಲ್ಲಿ ಒಂದು ಅಚ್ಚರಿ ಮನೆಯವರ ಕಣ್ಣಿಗೆ ಬಿತ್ತು. ಗ್ರಾಮಫೋನ್ ತಟ್ಟೆಯಲ್ಲಿ ಕೇಳಿದ ದೊಡ್ಡ ದೊಡ್ಡ ಗವಾಯಿಗಳ ಹಾಡನ್ನು ಆತ ಇದ್ದಕ್ಕಿದ್ದಂತೆ ಒಪ್ಪಿಸಿಬಿಡುತ್ತಿದ್ದ. ತಾನು, ಹರಕತ್ತು, ಉಸಿರು ಎಳೆದುಕೊಳ್ಳುವ ಜಾಗ, ಒಂದೂ ಬಿಡದೆ. ಕುಮಾರ ಗಂಧರ್ವ ಎಂಬ ಬಿರುದು ಬಂದದ್ದು ಆಗಲೇ. ಊರೂರಿನ ಸಭೆಗಳಲ್ಲಿ ಬಾಲಪ್ರತಿಭೆಯಾಗಿ ಮೆರೆದ ಹುಡುಗನನ್ನು ಹನ್ನೊಂದರ ಸುಮಾರಿಗೆ ಮುಂಬಯಿಯ ಬಿ. ಆರ್. ದೇವಧರರ ಸಂಗೀತಶಾಲೆಗೆ ಸೇರಿಸಿದರು. ಅಲ್ಲಿ ನಕಲು ಕಲೆಯಾಯಿತು. ಅಣಕಿಸುವುದರಲ್ಲಿ ಈ ದೇಶ ಕಂಡ ಅತಿ ಚುರುಕು ಕಿವಿಗಳಲ್ಲೊಂದು ಅಣಕವನ್ನು ಬಿಟ್ಟದ್ದು ಹೇಗೆ ಎಂಬುದೇ ಮುಂದಿನ ಕತೆ.

1947ರಲ್ಲಿ ಭಾನುಮತಿಯವರೊಂದಿಗೆ ಮದುವೆ. ಅದರ ಬೆನ್ನಿಗೇ ಕ್ಷಯ. ಒಣಹವೆಗಾಗಿ 1948ರ ಜನವರಿ ಕೊನೆಯಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ಹಾಡಬಾರದು ಎಂದು ವೈದ್ಯರ ಕಟ್ಟಪ್ಪಣೆ. ಇಪ್ಪತ್ನಾಲ್ಕರ ಗವಾಯಿ ವರ್ಷಗಟ್ಟಲೆ ಹಾಸಿಗೆ ಹಿಡಿದು ಮಲಗಿದ. ಬಾಯಿ ಮುಚ್ಚಿತ್ತು, ಕಿವಿ ತೆರೆದಿತ್ತು. ಕಿಟಕಿಯಾಚೆ ಮಾಳವದ ಹೆಂಗಸರು ಹೊಲಕ್ಕೆ ಹೋಗುತ್ತ, ಹಬ್ಬಕ್ಕೆ ಸೇರುತ್ತ, ಮದುವೆಗೆ ಹೊರಡುತ್ತ ಹಾಡುವುದು ಕೇಳುತ್ತಿತ್ತು. ನಾಥಪಂಥದ ಜೋಗಿಗಳು ಕಬೀರನ ಪದ ಹಾಡುತ್ತ ಹಾಯುತ್ತಿದ್ದರು. ಗಾಳಿ, ಹಕ್ಕಿ, ದೂರದ ಗುಡ್ಡದ ದೇವಿಯ ಜಾತ್ರೆ. ಆ ಹೊತ್ತಿಗೆ ಬಂದ ಸ್ಟ್ರೆಪ್ಟೊಮೈಸಿನ್ ಔಷಧಿ ಜೀವ ಉಳಿಸಿತು. ಒಂದು ಪುಪ್ಪುಸ ಮಾತ್ರ ಕೆಲಸಕ್ಕೆ ಬಾರದಾಯಿತು. 1950ರ ದಶಕದ ಮೊದಲಲ್ಲಿ ಅವರು ಮತ್ತೆ ಹಾಡಲು ಕೂತಾಗ ಜನ ಕೇಳಿದ್ದು ಹೊಸ ದನಿ. ಉದ್ದುದ್ದ ತಾನುಗಳ ಜಾಗದಲ್ಲಿ ಚಿಕ್ಕ ಚಿಕ್ಕ ಸ್ವರಗುಚ್ಛ, ತಟ್ಟನೆ ಮೇಲೇರಿ ಥಟ್ಟನೆ ನಿಲ್ಲುವ ದನಿ, ನಡುವೆ ತುಂಬಿದ ಮೌನ. ಆ ಮೌನವನ್ನು ಬರೀ ಉಸಿರಿನ ಕೊರತೆ ಎಂದವರು ತಪ್ಪು ಹೇಳಿದರು. ಹಾಡಲಾಗದ ಐದಾರು ವರ್ಷ ಕೇಳಿ ಕಲಿತದ್ದು ಅದರೊಳಗಿತ್ತು.

ಅವರು ಕಂಡುಕೊಂಡ ಸಂಗತಿಯನ್ನು ಸರಳವಾಗಿ ಹೀಗೆ ಹೇಳಬಹುದು. ಹಳ್ಳಿಯ ಹಾಡಿನ ಧುನ್‌ನಲ್ಲಿ ಸ್ವರಗಳು ಮೂರೋ ನಾಲ್ಕೋ. ಆದರೆ ಆ ಮೂರು ನಾಲ್ಕು ಸ್ವರಗಳು ಒಂದರ ಮೇಲೊಂದು ಒರಗುವ ರೀತಿಯಲ್ಲಿ ಒಂದು ರಾಗದ ಬೀಜವಿರುತ್ತದೆ. ಗವಾಯಿ ಆ ಧುನ್‌ಗೆ ಕಸೂತಿ ಹಾಕಬೇಕಿಲ್ಲ; ಅದು ಎತ್ತ ವಾಲುತ್ತದೆ, ಯಾವ ಸ್ವರವನ್ನು ಮುಟ್ಟದೆಯೂ ನೆನಪಿಸುತ್ತದೆ ಎಂದು ಕಾದು ನೋಡಬೇಕು. ಹೀಗೆ ಕಂಡ ರಾಗಗಳನ್ನು ಅವರು ಧುನ್ ಉಗಮ ರಾಗಗಳೆಂದು ಕರೆದರು: ಮಾಲವತಿ, ಲಗನ್ ಗಂಧಾರ, ಸಹೇಲಿ ತೋಡಿ, ಸಂಜಾರಿ, ಅಹಿ ಮೋಹಿನಿ, ಮಧಸುರ್ಜಾ, ನಿಂದಿಯಾರಿ. 1965ರಲ್ಲಿ ಬಂದ ಅನೂಪ ರಾಗ ವಿಲಾಸ ಅವರ ಬಂದಿಶ್‌ಗಳ ಸಂಗ್ರಹ. ಲೇಫ್ಸ್ ರೈತರ ಪಂಚಮಗಳಿಂದ ಆರ್ಕೆಸ್ಟ್ರಾದ ಗೋಡೆ ಕಟ್ಟಿದ. ಕುಮಾರರು ಹೆಂಗಸರ ನಾಲ್ಕು ಸ್ವರದಿಂದ ರಾಗದ ಮನೆ ಕಟ್ಟಿದರು. ಒಬ್ಬನಿಗೆ ತೊಂಬತ್ತು ವಾದಕರು ಬೇಕಾಯಿತು, ಇನ್ನೊಬ್ಬರಿಗೆ ಒಂದು ಪುಪ್ಪುಸ ಸಾಕಾಯಿತು.

ಪ್ರಕೃತಿಯ ಮಾತು ಬಂದರೆ ಗೀತ ವರ್ಷಾ ಕಾರ್ಯಕ್ರಮವನ್ನು ಬಿಡುವಂತಿಲ್ಲ. ಗೀತ ಹೇಮಂತ, ಗೀತ ವಸಂತಗಳ ಜೊತೆಗೆ ಋತುಗಳ ಮೇಲೆ ಅವರು ಕಟ್ಟಿದ ಕಾರ್ಯಕ್ರಮಗಳಲ್ಲಿ ಇದೂ ಒಂದು. ಒಂದು ರಾಗ ಮುಗಿಸಿ ಇನ್ನೊಂದು ರಾಗ ಎತ್ತುವ ಮಾಮೂಲಿ ಕಚೇರಿಯಲ್ಲ. ಮಳೆಯ ನಾನಾ ಮುಖಗಳನ್ನು ಮಲ್ಹಾರದ ಬಗೆಗಳು, ಬಂದಿಶ್‌ಗಳು, ಮಾಳವದ ಜನಪದ ಹಾಡುಗಳು ಇವೆಲ್ಲವನ್ನೂ ಒಂದೇ ಎಳೆಯಲ್ಲಿ ಪೋಣಿಸಿ ಕಾಣಿಸಿದ್ದು. ಗವಾಯಿಯ ಸಂಗೀತವನ್ನೂ ಗದ್ದೆಯ ಸಂಗೀತವನ್ನೂ ಒಂದೇ ಜಮಖಾನೆಯ ಮೇಲೆ ಕೂಡಿಸುವುದು ಆ ಕಾಲಕ್ಕೆ ಚಿಕ್ಕ ಧೈರ್ಯವಲ್ಲ.

ಮಿಯಾಂ ಮಲ್ಹಾರವನ್ನೇ ಹತ್ತಿರದಿಂದ ನೋಡಿದರೆ ಅಣಕ ಮತ್ತು ಅನುಭವದ ನಡುವಿನ ಗೆರೆ ಕಾಣುತ್ತದೆ. ಅದರಲ್ಲಿ ಎರಡು ನಿಷಾದ, ಕೋಮಲವೂ ಶುದ್ಧವೂ. ಮಂದ್ರದಲ್ಲಿ ಗಾಯಕ ಕೋಮಲ ನಿಷಾದದಿಂದ ಧೈವತಕ್ಕೆ ಜಾರಿ, ಶುದ್ಧ ನಿಷಾದವನ್ನು ಮುಟ್ಟಿ ಷಡ್ಜಕ್ಕೆ ಬರುವಾಗ ಎರಡು ನಿಷಾದಗಳೂ ಒಂದರ ಮೈಗೊಂದು ಉಜ್ಜಿದಂತಾಗುತ್ತದೆ. ಜೊತೆಗೆ ತೂಗಾಡುವ ಕೋಮಲ ಗಂಧಾರ. ಕೇಳುಗ ಇದನ್ನು ಮೋಡದ ಗುಡುಗು ಎನ್ನುತ್ತಾನೆ. ಯಾವ ಗುಡುಗೂ ಹಾಗೆ ಸದ್ದು ಮಾಡುವುದಿಲ್ಲ. ಆದರೆ ಕಪ್ಪು ಕವಿದು ಇನ್ನೂ ಹನಿಯದ ಗಳಿಗೆಯಲ್ಲಿ ಎದೆಯಲ್ಲಾಗುವ ಹೊಯ್ದಾಟ ಅದೇ.

ಈ ಜಿಲ್ಲೆಯ ಮಳೆ ಎರಡು ಬಗೆಯದು. ಪಶ್ಚಿಮದ ಖಾನಾಪುರದಲ್ಲಿ, ಕಣಕುಂಬಿ, ಜಾಂಬೋಟಿಯ ಕಾಡಿನಲ್ಲಿ, ಮಲಪ್ರಭೆ ಹುಟ್ಟುವ ಜಾಗದಲ್ಲಿ ಆಷಾಢದ ಮಳೆ ವಾರಗಟ್ಟಲೆ ಬಿಡುವುದಿಲ್ಲ. ಪೂರ್ವದ ಅಥಣಿ, ಸವದತ್ತಿಯ ಎರೆನೆಲದಲ್ಲಿ ಅದೇ ವಾರ ಜನ ಮುಗಿಲು ನೋಡುತ್ತ ಕೂತಿರುತ್ತಾರೆ. ಎರಡಕ್ಕೂ ಹಾಡಿದೆ. ಖಾನಾಪುರದ ಕಾಡಿನ ಸಿದ್ದಿಯರ ಡಮಾಮಿಯ ಬಡಿತಕ್ಕೆ ಒಂದು ಗತಿ; ಬೀಸುಕಲ್ಲಿನ ಮುಂದೆ ಕನ್ನಡದವಳ ತ್ರಿಪದಿಗೂ ಮರಾಠಿಯವಳ ಓವಿಗೂ ಇನ್ನೊಂದು ಗತಿ. ಭಾಷೆ ಎರಡು, ಕಲ್ಲು ತಿರುಗುವ ಸುತ್ತು ಒಂದೇ. ಗಡಿಯ ಜಗಳ ಆ ಕಲ್ಲಿನವರೆಗೆ ಬಂದಿಲ್ಲ. ಮಳೆ ಕೈಕೊಟ್ಟ ಊರುಗಳಲ್ಲಿ ಗುರ್ಜಿ ಹೊರಡುತ್ತದೆ. ರೊಟ್ಟಿ ಹಂಚನ್ನು ಬೋರಲು ಹಾಕಿ, ಅದರ ಮೇಲೆ ಸಗಣಿಯ ಗುರ್ಜಿ ಮಾಡಿ, ಗರಿಕೆ ಚುಚ್ಚಿ, ಬರಿಮೈಯ ಹುಡುಗನ ತಲೆಯ ಮೇಲಿಟ್ಟು ಮನೆಮನೆ ತಿರುಗುತ್ತಾರೆ. ಪ್ರತಿ ಬಾಗಿಲಲ್ಲೂ ಒಬ್ಬಾಕೆ ಕೊಡ ನೀರು ತಂದು ಹಂಚಿನ ಮೇಲೆ ಸುರಿಯುತ್ತಾಳೆ. ಹುಡುಗ ಗಿರಗಿರನೆ ತಿರುಗುತ್ತಾನೆ. ನೀರು ಸುತ್ತಲೂ ಸಿಡಿಯುತ್ತದೆ. ಜೊತೆಯ ಮಕ್ಕಳು ಮಳೆಯನ್ನು ಕರೆಯುವ ಹಾಡು ಕೂಗುತ್ತಾರೆ. ಲೇಫ್ಸ್ ಬಂಡೆಗೆ ಬಂಡೆಯನ್ನೇ ವಾದ್ಯ ಮಾಡಿದಂತೆ ಇಲ್ಲಿ ನೀರೇ ತಾಳ.

ಇಲ್ಲೊಂದು ಮಾತನ್ನು ನೋವಿನಿಂದಲೇ ಹೇಳಬೇಕು. ಹಲಸಂಗಿಯ ಗೆಳೆಯರು ಗರತಿಯ ಹಾಡು ಸಂಗ್ರಹವನ್ನು ಹೊರತಂದದ್ದು 1931ರಲ್ಲಿ. ಕನ್ನಡ ಅದಕ್ಕೆ ಎಂದೆಂದಿಗೂ ಋಣಿ. ಆದರೆ ಪುಟದ ಮೇಲೆ ಉಳಿದದ್ದು ಮಾತು. ಧಾಟಿ ಹಾಡುವವರ ಗಂಟಲಲ್ಲೇ ಉಳಿಯಿತು. ಐಸ್‌ಲ್ಯಾಂಡ್‌ನ ಪಾದ್ರಿ ಸ್ವರವನ್ನೂ ಬರೆದಿಟ್ಟ. ಅದರ ಮೇಲೆ ಮೂರು ತಲೆಮಾರಿನ ರಚನೆಕಾರರು ನಿಂತರು. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿ ಮೈಕಿನ ಮುಂದೆ ಜನಪದ ಗಾಯಕರನ್ನು ಕೂಡಿಸಿದ್ದರಿಂದ ಎಷ್ಟೋ ಧಾಟಿಗಳು ಕಿವಿಗೆ ದಕ್ಕಿದವು. ಅಲ್ಲಿಂದ ಮುಂದಿನ ಹೆಜ್ಜೆ, ಆ ಧಾಟಿಯೊಳಗೆ ಕೂತು ಅದು ಎತ್ತ ವಾಲುತ್ತದೆಂದು ಕಾಯುವ ಕೆಲಸವನ್ನು, ಸುಳೇಭಾವಿಯ ಮಗ ಮಾಳವದಲ್ಲಿ ಮಾಡಿದರು. ರೋಗ ಅವರನ್ನು ಅಲ್ಲಿ ಮಲಗಿಸಿತು, ಅಲ್ಲಿಯ ಹಾಡು ಕೇಳಿಸಿತು. ಬೆಳಗಾವಿಯ ರಂಗಮಂದಿರಕ್ಕೆ ಅವರ ಹೆಸರಿದೆ. ಅವರ ಕಿವಿಯಿಂದ ಇಲ್ಲಿಯ ಚೌಡಿಕೆ ಪದವನ್ನೋ ಹಂತಿ ಪದವನ್ನೋ ಕೇಳುವ ಕೆಲಸ ಇನ್ನೂ ಆಗಬೇಕಿದೆ. ಧುನ್‌ಗಳು ಇಲ್ಲೂ ಇವೆ. ಕಣದಲ್ಲಿ ಹಂತಿ ಕಟ್ಟಿ ಎತ್ತು ತಿರುಗಿಸುವುದು ನಿಂತಿದ್ದರೂ ಹಂತಿ ಪದ ಬಲ್ಲ ಹಿರಿಯರು ಇನ್ನೂ ಸಿಗುತ್ತಾರೆ. ಹತ್ತು ವರ್ಷ ಕಳೆದರೆ ಸಿಗಲಾರರು. ಒಂದು ಫೋನಿನಲ್ಲಿ ಗಂಟೆಗಟ್ಟಲೆ ದನಿ ಹಿಡಿಯಬಹುದಾದ ಈ ಕಾಲದಲ್ಲಿ ಮೇಣದ ಉರುಳೆಯ ಚಿಂತೆಯೂ ಇಲ್ಲ.

ಭಾದ್ರಪದದಲ್ಲಿ ಗಣಪತಿ ಹೋದ ಬೆನ್ನಿಗೇ ಜೋಕುಮಾರ ಹುಟ್ಟುತ್ತಾನೆ. ಗಣಪ ಕಡುಬು ಹೋಳಿಗೆ ಉಂಡು ಕೈಲಾಸಕ್ಕೆ ಹೋಗಿ ಭೂಲೋಕದಲ್ಲಿ ಎಲ್ಲ ಸುಖವೆಂದು ಹೇಳುತ್ತಾನಂತೆ. ಜೋಕುಮಾರ ಏಳೇ ದಿನ ಬದುಕಿ, ಕೇರಿಕೇರಿ ತಿರುಗಿ, ಬಿರಿದ ನೆಲ ಕಂಡು, ಹುಣ್ಣಿಮೆಯ ರಾತ್ರಿ ಸತ್ತು ಶಿವನ ಹತ್ತಿರ ಹೋಗಿ ನಿಜ ಹೇಳುತ್ತಾನೆ. ಆಮೇಲೆ ಮಳೆ ಬರುತ್ತದೆ. ಆ ಏಳು ದಿನ ಅಂಬಿಗರ ಕೇರಿಯ ಹೆಂಗಸರು ಬುಟ್ಟಿಯಲ್ಲಿ ಬೇವಿನ ಸೊಪ್ಪು ಹರಡಿ, ಅಗಲ ಮುಖದ, ದೊಡ್ಡ ಮೀಸೆಯ ಮಣ್ಣಿನ ಮೂರ್ತಿಯನ್ನು ಕೂಡಿಸಿಕೊಂಡು, ಅದರ ಬಾಯಿಗೆ ಬೆಣ್ಣೆ ಬಳಿದು ಬರುತ್ತಾರೆ. ಅಂಗಳದಲ್ಲಿ ಬುಟ್ಟಿ ಇಳಿಸಿ ಸುತ್ತ ಕೂರುತ್ತಾರೆ. ಒಬ್ಬಾಕೆ ಎತ್ತಿಕೊಡುತ್ತಾಳೆ, ಉಳಿದವರು ಅದೇ ಸಾಲನ್ನು ಸೊಲ್ಲಾಗಿ ಹಿಡಿಯುತ್ತಾರೆ. ಮೊದಲಿನ ದನಿ ಇಳಿಯುವ ಮುನ್ನವೇ ಎರಡನೆಯದು ಏರಿರುತ್ತದೆ. ಎರಡೂ ಒಂದರ ಮೇಲೊಂದು ಕೂತ ಆ ಕ್ಷಣಾರ್ಧವನ್ನು ಯಾರೂ ಸ್ವರಲಿಪಿಯಲ್ಲಿ ಹೊಂದಿಸಿ ಬರೆದದ್ದಲ್ಲ, ಅವರ ಗಂಟಲಿಗೆ ತಾನಾಗಿ ಕೂಡಿಬಂದದ್ದು. ಮನೆಯಾಕೆ ಮೊರದಲ್ಲಿ ಜೋಳ ತಂದು ಸುರಿಯುತ್ತಾಳೆ. ಹೊಲಕ್ಕೆ ಚೆಲ್ಲಲೆಂದು ಅವರು ನುಚ್ಚು, ಬೇವಿನೆಲೆ ಕೊಡುತ್ತಾರೆ. ಬುಟ್ಟಿ ಮತ್ತೆ ತಲೆಯೇರುತ್ತದೆ, ಪಕ್ಕದ ಅಂಗಳದಲ್ಲಿ ಅದೇ ಸ್ವರದಿಂದ ಹಾಡು ಮತ್ತೆ ಶುರುವಾಗುತ್ತದೆ.